ಸ್ಪಂದನಾ ಲ್ಯಾಪ್‌ಟಾಪ್ ಬಿಚ್ಚಿದ್ದು

ಟಿಣ್ ಎಂದು ಸ್ಕ್ರೂ ಹಾರಿತು. ಹಾರಿದ್ದು ನೆಟ್ಟಗೆ ಅಜ್ಜಿಯ ಮೊರದೊಳಕ್ಕೆ!

"ಅಯ್ಯೋ ಅಜ್ಜೀ, ಅಲ್ಲಾಡ್ಬೇಡ!" ಸ್ಪಂದನಾ ಕೂಗಿದಳು.

ರಾಗಿ ಕೇರುತ್ತಿದ್ದ ತಿಮ್ಮಜ್ಜಿಯ ಕೈ ಹಾಗೇ ನಿಂತಿತು. "ಏನವ್ವಾ ಬಿತ್ತು?"

"ಲ್ಯಾಪ್‌ಟಾಪ್ ಸ್ಕ್ರೂ. ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡದು ಅಷ್ಟೆ. ಇನ್ನು ಸಿಕ್ಕಿದ ಹಾಗೇ!"

"ರಾಗೀಲಿ ಒಂದ್ ಕಲ್ಲಿದ್ರೆ ಬುಡಾಕಿಲ್ಲ ನಾನು, ಸ್ಕ್ರೂ ಬುಟ್ಟೇನಾ?"

ಅಜ್ಜಿ ಮೊರವನ್ನು ಮೆಲ್ಲಗೆ ಕುಲುಕಿದಳು. ರಾಗಿ ಮುಂದಕ್ಕೆ ಸರಿಯಿತು. ಹಿಂದೆ ಉಳಿದ ಕಲ್ಲಿನ ಚೂರುಗಳ ಪಕ್ಕ ಸ್ಕ್ರೂ ಮಿನುಗುತ್ತಾ ಕೂತಿತ್ತು. ಸ್ಪಂದನಾ ಅದನ್ನು ಎತ್ತಿ ಬಟ್ಟಲಿಗೆ ಹಾಕಿದಳು.

ಆ ಲ್ಯಾಪ್‌ಟಾಪ್ ಸ್ಪಂದನಾಳಿಗಿಂತ ಒಂದೇ ವರ್ಷ ಚಿಕ್ಕದು. ಆನ್ ಮಾಡಿ, ಸ್ನಾನ ಮಾಡಿ, ಜಡೆ ಹಾಕಿಸಿಕೊಂಡು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ನಾಳೆ ಸ್ಕೂಲಿನಲ್ಲಿ ಅವಳ ಸ್ಲೈಡ್ ಶೋ: ನಮ್ಮೂರ ಕೆರೆಯ ಹಕ್ಕಿಗಳು. ಶುಕ್ರವಾರ ಪ್ರಾಕ್ಟೀಸ್ ಮಾಡುವಾಗ ಮಿಂಚುಳ್ಳಿಯ ಫೋಟೋ ಅರ್ಧ ಬಂದು ನಿಂತೇಬಿಟ್ಟಿತ್ತು. "ಬಾಲ ನಾಳೆ ಬತ್ತದೆ ಬುಡ್ರಪ್ಪಾ" ಎಂದು ಗೆಳತಿ ಅನು ಅಂದಾಗ ಕ್ಲಾಸೆಲ್ಲ ಗೊಳ್ಳೆಂದಿತ್ತು.

ಅದಕ್ಕೇ ನಿನ್ನೆ ಲಿಂಗರಾಜು ಚಿಕ್ಕಪ್ಪ ಬಂದಿದ್ದ. ಅವನಿಗೆ ಹುಣಸೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ. "ಹಳೇ ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗ್ತದೆ ಕಣವ್ವ, ಅದ್ಕೇ ನಿಧಾನ. ಇದ್ರಲ್ಲಿ ತಿರುಗೋ ಸಾಮಾನೇ ಇಲ್ಲ" ಎಂದು ಬಿಸ್ಕತ್ತಿನಂಥ ತೆಳ್ಳನೆಯ ಹೊಸ ಡಿಸ್ಕ್, ಎಸ್‌ಎಸ್‌ಡಿ ತೋರಿಸಿದ. ಹಳೆಯದರಲ್ಲಿ ಇದ್ದುದನ್ನೆಲ್ಲ ಅದಕ್ಕೆ ಕಾಪಿಯೂ ಮಾಡಿದ. ಇವತ್ತು ಬೆಳಿಗ್ಗೆ ಇನ್ನೇನು ಹಾಕಿಕೊಡಬೇಕು, ಅಂಗಡಿಯಿಂದ ಫೋನ್ ಬಂತು. "ಮುಂದಿನ್ ವಾರ ಬತ್ತೀನಿ" ಎಂದವನೇ ಬೈಕ್ ಹತ್ತಿದ. ಪುಟ್ಟ ಸ್ಕ್ರೂಡ್ರೈವರ್ ಇಲ್ಲೇ ಮರೆತುಹೋಗಿದ್ದ.

ಮುಂದಿನ ವಾರ ಬಂದರೇನು ಪ್ರಯೋಜನ? ಸ್ಪಂದನಾ ಫೋನ್ ಮಾಡಿ ಕೇಳಿದಳು.

"ಮೊದ್ಲು ಚಾರ್ಜರ್ ತೆಗಿ, ಆಮೇಲೆ ಬ್ಯಾಟ್ರಿ. ಹಿಂದ್ಗಡೆ ಮುಚ್ಚಳ ಬಿಚ್ಚುದ್ರೆ..." ಅಲ್ಲಿಗೆ ನೆಟ್‌ವರ್ಕ್ ಹೋಯಿತು. ಮತ್ತೆ ಬರಲೇ ಇಲ್ಲ.

ಅಪ್ಪ ಅಮ್ಮ ಹೊಗೆಸೊಪ್ಪಿನ ಹೊಲದಲ್ಲಿದ್ದರು. ಮನೆಯಲ್ಲಿ ಇದ್ದದ್ದು ಅಜ್ಜಿ ಒಬ್ಬಳೇ. "ಬಿಚ್ಚವ್ವ, ಎದರ್ಕಬ್ಯಾಡ. ನಿಮ್ಮಪ್ಪ ಕೇಳುದ್ರೆ ನಾ ಏಳ್ತೀನಿ" ಅಂದಿದ್ದಳು. ಹಾಗೆ ಬಿಚ್ಚುವಾಗಲೇ ಸ್ಕ್ರೂ ಹಾರಿದ್ದು.

ಮುಚ್ಚಳ ತೆಗೆದಳು. ಅಜ್ಜಿ ಮೊರ ಬದಿಗಿಟ್ಟು ಟಾರ್ಚ್ ಹಿಡಿದಳು. ಹಳೆಯ ಡಿಸ್ಕನ್ನು ಪಕ್ಕಕ್ಕೆ ಎಳೆದಾಗ ಅದು ಮೆತ್ತಗೆ ಈಚೆ ಬಂತು. ಅದು ಕೂತಿದ್ದ ತಗಡಿನ ಚೌಕಟ್ಟಿಗೆ ಎಸ್‌ಎಸ್‌ಡಿ ಕೂರಿಸಿ, ಅದೇ ಜಾಗಕ್ಕೆ ತಳ್ಳಿ, ಎಲ್ಲ ಮುಚ್ಚಿ ಬಟನ್ ಒತ್ತಿದಳು.

ಕಪ್ಪು ಪರದೆ. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು. ಡಿಸ್ಕ್ ಸಿಗುತ್ತಿಲ್ಲವಂತೆ!

ಸ್ಪಂದನಾ ಲ್ಯಾಪ್‌ಟಾಪನ್ನು ಆಚೆ ತಳ್ಳಿದಳು. "ಹಾಳಾಯ್ತು ಅಜ್ಜಿ. ನಾನೇ ಹಾಳು ಮಾಡ್ಬಿಟ್ಟೆ."

ಅಜ್ಜಿ ಬಾಗಿಲಾಚೆಯ ಬೆಟ್ಟದ ಕಡೆ ಒಮ್ಮೆ ನೋಡಿದಳು. ಆಮೇಲೆ, "ಒಂದ್ಸಲ ಬಿಚ್ದೋಳ್ಗೆ ಇನ್ನೊಂದ್ಸಲ ಬಿಚ್ಚಾಕೆ ಬರಾಕಿಲ್ವಾ? ನೋಡವ್ವ, ನಿಧಾನುಕ್ಕೆ ನೋಡು" ಅಂದಳು.

ಸ್ಪಂದನಾ ಕಣ್ಣೊರೆಸಿಕೊಂಡು ಬ್ಯಾಟರಿ ತೆಗೆದು ಮತ್ತೆ ಬಿಚ್ಚಿದಳು. ಬಗ್ಗಿ ನೋಡಿದಳು. ಎಸ್‌ಎಸ್‌ಡಿಗೂ ಅದು ಕಚ್ಚಿಕೊಳ್ಳಬೇಕಾದ ಪಿನ್ನುಗಳಿಗೂ ನಡುವೆ ಉಗುರಿನಷ್ಟು ಸಂದು!

"ಅಜ್ಜೀ, ಪೂರ್ತಿ ಒಳಗೇ ಹೋಗಿಲ್ಲ ಇದು!"

ಹೆಬ್ಬೆರಳಿಟ್ಟು ಒತ್ತಿದಳು. ಟಕ್!

ಎಲ್ಲ ಮುಚ್ಚಿ, ಬ್ಯಾಟರಿ ಹಾಕಿ, ಈ ಸಲ ಬಟನ್ ಒತ್ತಿ ಕಣ್ಣು ಮುಚ್ಚಿಕೊಂಡಳು. ತೆರೆಯುವಷ್ಟರಲ್ಲಿ ಟಣ್‌ಟಣಾಣ್ ಎಂದು ಸದ್ದು. ಪರದೆ ತುಂಬ ಬೆಳಕು. ಫೈಲ್ ಮುಟ್ಟಿದ್ದೇ ತಡ, ಮಿಂಚುಳ್ಳಿ ಕೊಕ್ಕಿನಿಂದ ಬಾಲದವರೆಗೆ ಪಳಪಳ!

"ಗೆದ್ದೆ ಅಜ್ಜೀ!" ಸ್ಪಂದನಾ ಪಡಸಾಲೆ ತುಂಬಾ ಕುಣಿದಳು. ಅಜ್ಜಿಯ ರಾಗಿಯೆಲ್ಲ ಚೆಲ್ಲಿತು. ಅಜ್ಜಿ ಬಯ್ಯಲೇ ಇಲ್ಲ.

ಸೋಮವಾರ ಸ್ಲೈಡುಗಳು ಒಂದರ ಹಿಂದೊಂದು ಹಾರಿದವು. ಶಾಂತಲಾ ಮಿಸ್ "ಯಾರು ರಿಪೇರಿ ಮಾಡಿದ್ದು?" ಎಂದು ಕೇಳಿದರು. "ನಾನೇ ಮಿಸ್" ಎಂದಳು ಸ್ಪಂದನಾ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅನು. "ನಮ್ಮ ಮನೇದೂ ಮಾಡ್ಕೊಡೇ" ಎಂದು ಆಗಲೇ ದುಂಬಾಲು ಬಿದ್ದಳು.

ಸಂಜೆ ಓಡೋಡುತ್ತಾ ಮನೆಗೆ ಬಂದರೆ, ಅಜ್ಜಿ ಒಗೆದ ಸೀರೆ ಉಟ್ಟು ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಚೀಲದಲ್ಲಿ ತೆಂಗಿನಕಾಯಿ.

"ಎಲ್ಲಿಗಜ್ಜಿ?"

"ಬೆಟ್ಟುಕ್ಕೆ. ದೇವ್ರಿಗೆ ಕಾಯಿ ಒಡಸ್ಬೇಕು."

"ನಿನ್ನ ಮಂಡಿ ನೋವು? ಅಷ್ಟೊಂದು ಮೆಟ್ಟಿಲು!"

"ಅರಕೆ ಒತ್ಬುಟ್ಟಿವ್ನಲ್ಲವ್ವ, ಏನ್ ಮಾಡಾಕಾದದು?"

"ಯಾವಾಗ ಹೊತ್ತೆ?"

ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಾ ಅತ್ತ ತಿರುಗಿದಳು. "ನೆನ್ನೆ ಪರದೆ ಕರ್ರಗೆ ಬಂತಲ್ಲ, ಆವಾಗ."

ಸ್ಪಂದನಾ ಅಜ್ಜಿಯ ಮುಖವನ್ನೇ ನೋಡಿದಳು. ಬ್ಯಾಗನ್ನು ಜಗುಲಿಯ ಮೇಲಿಟ್ಟು, ಕಾಯಿಯ ಚೀಲವನ್ನು ತಾನೇ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಅಜ್ಜಿಯ ಕೈ ಹಿಡಿದಳು.

"ಬಾ ಅಜ್ಜಿ. ನಿಧಾನಕ್ಕೆ ಹತ್ತೋಣ."