ಅಕ್ಕಿ ಡಬ್ಬದ ಹಿಂದೆ ಎಸ್ಟ್ರೆಲ್ಯಾ

“ಕಣ್ಣು ಪಿಳಿಪಿಳಿ ಮಾಡ್ಬೇಡ. ಹಾಗೇ ನಿಂತ್ಕೋ,” ಎಂದು ಬೋಯೆಟ್ ಹುಕುಂ ಮಾಡಿದ.

ರೊವೆನಾ ಶಾಲೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ನಾಲ್ಕನೇ ಕ್ಲಾಸಿನ ಅರ್ಧ ಮಕ್ಕಳು ಅವಳ ಮುಂದೆ ಸಾಲುಗಟ್ಟಿದ್ದರು. ಒಬ್ಬೊಬ್ಬರಾಗಿ ಬಂದು, ಮೂಗಿಗೆ ಮೂಗು ತಾಗುವಷ್ಟು ಬಗ್ಗಿ, ಅವಳ ಕಣ್ಣೊಳಗೆ ಇಣುಕಿ ಹೋಗುತ್ತಿದ್ದರು.

ಅಸ್ವಾಂಗ್‌ನ ಕಣ್ಣಲ್ಲಿ ನೋಡಿದರೆ ನಮ್ಮ ಬಿಂಬ ತಲೆಕೆಳಗಾಗಿ ಕಾಣುತ್ತದಂತೆ. ನಮ್ಮ ಮಲಬೋನ್ ಊರಿನಲ್ಲಿ ಇದು ಹಾಲುಗಲ್ಲದ ಮಗುವಿಗೂ ಗೊತ್ತು. ಹಗಲು ಎಲ್ಲರ ಹಾಗೇ ಇರುವ ಹೆಂಗಸು, ರಾತ್ರಿಯಾದರೆ ಸೊಂಟದಿಂದ ಕೆಳಗಿನ ಮೈಯನ್ನು ಬಿಟ್ಟು, ರೆಕ್ಕೆ ಬಡಿಯುತ್ತಾ ರಕ್ತ ಹೀರಲು ಹೋಗುತ್ತಾಳೆ. ಅವಳೇ ಅಸ್ವಾಂಗ್. ಅವರೆಲ್ಲ ಕಾಪಿಸ್ ಸೀಮೆಯವರು ಅಂತಲೂ ಜನ ಹೇಳುತ್ತಾರೆ. ಜನರ ಬಾಯಿಗೆ ಬೀಗ ಹಾಕುವವರು ಯಾರು?

ರೊವೆನಾಳ ಅಜ್ಜಿ ಲೋಲಾ ಇಸಿಂಗ್ ಕಾಪಿಸ್‌ನವರು ಅಂತ ಬೋಯೆಟ್‌ನ ಅಮ್ಮ ಮನೆಯಲ್ಲಿ ಹೇಳಿದ್ದರಂತೆ. ಬೋಯೆಟ್ ಅದನ್ನು ಶಾಲೆಗೆಲ್ಲ ಡಂಗುರ ಹೊಡೆದಿದ್ದ. ರೊವೆನಾ ಗಾಬರಿಯಲ್ಲಿ, “ಅಲ್ಲ, ಇಲೋಯ್ಲೊದವರು,” ಅಂದುಬಿಟ್ಟಿದ್ದಳು. ಹಾಗಾದರೆ ಕಣ್ಣು ತೋರಿಸು ಅಂತ ಎಲ್ಲರೂ ಪಟ್ಟು ಹಿಡಿದಿದ್ದರು.

ಇಣುಕಿದವರಿಗೆ ಏನೂ ತಲೆಕೆಳಗಾಗಿ ಕಾಣಲಿಲ್ಲ. ಸಾಲು ಪೆಚ್ಚಾಗತೊಡಗಿತ್ತು. ಕೊನೆಗೆ ಜಿಂಕಿಯ ಸರದಿ ಬಂತು. ಒಂದನೇ ಕ್ಲಾಸಿನಿಂದಲೂ ರೊವೆನಾ ಜೊತೆ ಒಂದೇ ಬೆಂಚು, ಮಳೆ ಬಂದರೆ ಒಂದೇ ಕೊಡೆ, ಅಂಥ ಜಿಂಕಿ. ರೊವೆನಾಳಿಗೆ ಜೀವ ಬಂದಂತಾಯಿತು.

ಜಿಂಕಿ ಕಣ್ಣೊಳಗೆ ನೋಡಿದಳು. ಆಮೇಲೆ ಬೋಯೆಟ್‌ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು.

“ತಲೆಕೆಳಗೆ ಕಾಣ್ತು,” ಎಂದಳು ಮೆಲ್ಲಗೆ.

ಬೆಲ್ ಹೊಡೆದು ಎಲ್ಲರೂ ಒಳಗೆ ಹೋದಾಗ ಜಿಂಕಿಯ ಬ್ಯಾಗು ಬೇರೆ ಬೆಂಚಿನ ಮೇಲಿತ್ತು.

ಇಷ್ಟಕ್ಕೆಲ್ಲ ಆ ಕೆಂಪು ರಟ್ಟಿನ ಪುಸ್ತಕವೇ ಕಾರಣ ಅಂತ ರೊವೆನಾ ಹಲ್ಲು ಕಡಿದಳು.

ಲೋಲಾ ಇಸಿಂಗ್ ಅವರದು ನಮ್ಮ ಓಣಿಯ ಬಾಡಿಗೆ ಪುಸ್ತಕದ ಅಂಗಡಿ. ಬರೀ ಪುಸ್ತಕವಲ್ಲ; ಸೋಪು, ವಿನೆಗರ್, ಒಣಮೀನು ಎಲ್ಲ ಅಲ್ಲೇ. ಬಾಗಿಲಿಗೆ ಅಡ್ಡಡ್ಡ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ಪ್ರೇಮಕತೆಗಳನ್ನು ಸಾಲಾಗಿ ನೇತುಹಾಕಿರುತ್ತಿದ್ದರು. ಬೆಂಚಿನ ಮೇಲೆ ಕೂತು ಓದಿದರೆ ಕಡಿಮೆ ಬಾಡಿಗೆ, ಮನೆಗೆ ಒಯ್ದರೆ ಜಾಸ್ತಿ. ಹಾಗಾಗಿ ಸಂಜೆಯಾದರೆ ಬೆಂಚಿನ ಮೇಲೆ ಸೂಜಿ ಮೊನೆಯಷ್ಟೂ ಜಾಗ ಇರುತ್ತಿರಲಿಲ್ಲ. ಬಟ್ಟೆ ಒಗೆಯುವ ಹೆಂಗಸರು, ಟೈಲರ್ ಹುಡುಗಿಯರು, ಪಾಠದ ಪುಸ್ತಕ ಮುಟ್ಟದ ನಾವೂ ಎಲ್ಲರೂ ಅಲ್ಲೇ. ಒಬ್ಬರು ಪುಟ ತಿರುವಿದರೆ ಪಕ್ಕದಲ್ಲಿ ಕತ್ತು ಚಾಚಿದವರು “ಸ್ವಲ್ಪ ನಿಲ್ಲೇ, ಇನ್ನೂ ಆಗಿಲ್ಲ,” ಅನ್ನುವರು. ಈಗ ಆ ಹಗ್ಗವೂ ಇಲ್ಲ, ಬೆಂಚೂ ಇಲ್ಲ. ಆ ಜಾಗದಲ್ಲಿ ಫೋನ್ ರಿಪೇರಿ ಮಾಡುತ್ತಾರೆ.

ಆ ತಿಂಗಳು ಬಂದ ಕೆಂಪು ರಟ್ಟಿನ ಪುಸ್ತಕದ ನಾಯಕಿ ಎಸ್ಟ್ರೆಲ್ಯಾ ಒಬ್ಬ ಅಸ್ವಾಂಗ್. ಯಾರ ರಕ್ತವನ್ನೂ ಕುಡಿಯಲೊಲ್ಲದೆ ಹಸಿದುಕೊಂಡೇ ಹಾರುವ ಹುಡುಗಿ. ಅವಳನ್ನು ಮೆಚ್ಚಿದವನು ದೋಣಿ ನಡೆಸುವ ಡಮಿಯನ್. ಇಡೀ ಓಣಿ ಆ ಪುಸ್ತಕ ಹಿಡಿದು ಮೂಗು ಒರೆಸಿಕೊಳ್ಳುತ್ತಿತ್ತು. ಅದು ಬಂದ ಮೇಲೆಯೇ ಜನರ ಬಾಯಲ್ಲಿ ಕಾಪಿಸ್, ಕಾಪಿಸ್ ಅಂತ ಶುರುವಾಗಿದ್ದು.

ಅವತ್ತು ಸಂಜೆ ಲೋಲಾ ನೀರು ತರಲು ಹೋದಾಗ ರೊವೆನಾ ಆ ಪುಸ್ತಕವನ್ನು ಕ್ಲಿಪ್ಪಿನಿಂದ ಕಿತ್ತು ಅಕ್ಕಿ ಡಬ್ಬದ ಹಿಂದೆ ತುರುಕಿದಳು.

ಬಂದವರೆಲ್ಲ ಅದನ್ನೇ ಕೇಳಿದರು. ಲೋಲಾ ಹುಡುಕಿದರು, ಯಾರೋ ಮನೆಗೆ ಒಯ್ದಿರಬೇಕು ಅಂದರು. ಜಿಂಕಿ ಮಾತ್ರ ಅಂಗಡಿಯ ಕಡೆ ಸುಳಿಯಲಿಲ್ಲ.

ಶುಕ್ರವಾರ ಶಾಲೆಯಲ್ಲಿ ಎಲ್ಲರೂ ತಿಂಡಿ ತಂದು ಹಂಚಿಕೊಂಡು ತಿನ್ನುವ ದಿನ. ಲೋಲಾ ಬೆಳಗ್ಗೆ ಎದ್ದು ಸುಮಾನ್ ಮಾಡಿದ್ದರು. ಅಂಟು ಅಕ್ಕಿಯನ್ನು ತೆಂಗಿನ ಹಾಲಲ್ಲಿ ಬೇಯಿಸಿ, ಬಾಳೆಎಲೆಯಲ್ಲಿ ಸುತ್ತಿ, ಹಬೆಯಲ್ಲಿ ಇಟ್ಟು ತೆಗೆದದ್ದು. ಹೋದ ವರ್ಷ ಅದಕ್ಕೆ ಮಕ್ಕಳು ಕಿತ್ತಾಡಿದ್ದರು.

ಈ ವರ್ಷ ಮೇಜಿನ ಮೇಲೆ ಎಲ್ಲ ತಟ್ಟೆಗಳೂ ಖಾಲಿಯಾದವು, ಸುಮಾನ್ ತಟ್ಟೆಯೊಂದನ್ನು ಬಿಟ್ಟು. ಅಸ್ವಾಂಗ್ ಮನೆಯ ಅನ್ನ ತಿಂದವರೂ ಅಸ್ವಾಂಗ್ ಆಗುತ್ತಾರೆ ಅಂತ ಬೋಯೆಟ್ ಪಿಸುಗುಟ್ಟಿದ್ದ. ಟೀಚರ್ ಒಂದು ತಿಂದರು, ಚೆನ್ನಾಗಿದೆ ಅಂದರು. ಆದರೂ ಮಕ್ಕಳ ಕೈ ಮುಂದೆ ಬರಲಿಲ್ಲ.

ಇದನ್ನು ಹಾಗೇ ಮನೆಗೆ ಒಯ್ದರೆ ಲೋಲಾ ಮುಖ ಹೇಗಾಗಬಹುದು? ರೊವೆನಾ ಚರ್ಚಿನ ಹಿಂದೆ ಕೂತು ಒಂದೊಂದಾಗಿ ತಿನ್ನತೊಡಗಿದಳು. ಮೂರು ಒಳಗೆ ಹೋದವು. ನಾಲ್ಕನೆಯದು ಗಂಟಲಲ್ಲೇ ನಿಂತಿತು. ಆಗ ಅವಳಿಗೆ ಅಳು ಬಂತು.

ಮನೆಗೆ ಬಂದಾಗ ಲೋಲಾ ಸುಮಾನ್ ಬುಟ್ಟಿಯನ್ನು ಕೈಗೆ ತೆಗೆದುಕೊಂಡರು. ಭಾರ ಗೊತ್ತಾಯಿತು. ಬೆಂಚಿನ ಮೇಲೆ ಕೂತರು, ಮೊಮ್ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಂಡರು.

“ನಾನು ಮದುವೆಯಾಗಿ ಈ ಓಣಿಗೆ ಬಂದಾಗ್ಲೂ ಹೀಗೇ ಇತ್ತು ಕಣೇ ಪುಟ್ಟಿ,” ಎಂದರು. “ತಟ್ಟೆ ಕೊಟ್ರೆ ಹಾಗೇ ವಾಪಸ್ ಬರೋದು. ನಿಮ್ಮಜ್ಜ ಲೋಲೊ ಏನು ಮಾಡಿದ್ರು ಗೊತ್ತಾ? ಈ ಬೆಂಚು ಮಾಡಿ ಬಾಗಿಲಲ್ಲಿ ಹಾಕಿದ್ರು. ದಿನಾ ಸಂಜೆ ಇಲ್ಲೇ ಕೂತು, ಓಣಿಗೆಲ್ಲ ಕಾಣೋ ಹಾಗೆ ನಾನು ಮಾಡಿದ್ದನ್ನೆಲ್ಲ ತಿಂತಿದ್ರು. ಒಂದು ಮಾತು ಆಡ್ಲಿಲ್ಲ, ಯಾರ ಜೊತೆನೂ ಜಗಳ ಇಲ್ಲ. ಬರೀ ತಿನ್ನೋದು.”

“ಆಮೇಲೆ?”

“ಆಮೇಲೇನು, ಅವರಿಗೆ ಹೊಟ್ಟೆ ಬಂತು.” ಲೋಲಾ ಕಿಸಕ್ಕನೆ ನಕ್ಕರು. ನಗುತ್ತಲೇ ಬೆಂಚಿನ ಹಲಗೆಯನ್ನು ಸವರಿದರು. ಲೋಲೊ ತೀರಿಕೊಂಡ ಮೇಲೆ ಅವರು ಹಾಗೆ ಸವರುವುದನ್ನು ರೊವೆನಾ ಎಷ್ಟೋ ಸಲ ನೋಡಿದ್ದಳು. “ವಾಸನೆ ತಡೀಲಾರ್ದೆ ಪಕ್ಕದ ಮನೆಯವಳು ಬಂದು ಕೂತ್ಲು. ಬೆಂಚು ತುಂಬ್ತು. ನೀನೇ ನೋಡ್ತೀಯಲ್ಲ, ಇನ್ನೂ ಖಾಲಿ ಆಗಿಲ್ಲ.”

ಒಳಗೆ ಹೋಗುತ್ತಾ ಲೋಲಾ ತಿರುಗಿ ನೋಡದೆ ಹೇಳಿದರು: “ಎಸ್ಟ್ರೆಲ್ಯಾ ಪಾಪ ಅಕ್ಕಿ ಡಬ್ಬದ ಹಿಂದೆ ಕತ್ತಲಲ್ಲಿ ಕೂತಿದ್ದಾಳೆ. ಡಮಿಯನ್ ಅವಳನ್ನ ಹುಡುಕ್ತಿರ್ತಾನೆ.”

ರೊವೆನಾಳ ಕಿವಿ ಕೆಂಪಾಯಿತು. ಇವರಿಗೆ ಗೊತ್ತಾಗದೆ ಈ ಮನೆಯಲ್ಲಿ ಒಂದು ಇಲಿಯೂ ಓಡಾಡುವಂತಿಲ್ಲ.

ಒಲೆಯ ಮೇಲೆ ಅನ್ನ ಬೇಯುವ ಹೊತ್ತಿನಲ್ಲಿ ಅವಳು ಪುಸ್ತಕ ತೆಗೆದು ಓದಲು ಕೂತಳು. ಊಟಕ್ಕೆ ಕರೆದರೂ ಕೇಳಿಸಲಿಲ್ಲ. ಕೊನೆಯ ಪುಟ ಮುಗಿದ ಮೇಲೆ ಮೂಗು ಒರೆಸಿಕೊಂಡಳು.

ಶನಿವಾರ ಕೆಂಪು ಪುಸ್ತಕ ಮತ್ತೆ ಹಗ್ಗದ ಮುಂದಿನ ಸಾಲಿಗೆ ಬಂತು. ಲೋಲಾ ಹೊಸದಾಗಿ ಸುಮಾನ್ ಮಾಡಿದ್ದರು. ರೊವೆನಾ ತಟ್ಟೆಯನ್ನು ಒಳಗಿಡಲಿಲ್ಲ. ಬೆಂಚಿನ ಮೇಲೆ, ನಟ್ಟನಡುವೆ ಇಟ್ಟು, ಪಕ್ಕದಲ್ಲಿ ಕೂತು ಒಂದನ್ನು ಬಿಚ್ಚಿ ತಿನ್ನತೊಡಗಿದಳು. ಓಣಿಗೆಲ್ಲ ಕಾಣುವ ಹಾಗೆ.

ಸ್ವಲ್ಪ ಹೊತ್ತಿಗೆ ಓಣಿಯ ತುದಿಯಲ್ಲಿ ಜಿಂಕಿ ಕಂಡಳು. ಬಂದಳು, ನಿಂತಳು, ಮತ್ತೆ ಎರಡು ಹೆಜ್ಜೆ ಬಂದಳು. ಪಾಪ, ಅವಳು ಹೋದ ವಾರ ಪುಸ್ತಕವನ್ನು ಅರ್ಧಕ್ಕೆ ಬಿಟ್ಟಿದ್ದಳು. ಎಸ್ಟ್ರೆಲ್ಯಾ ಸೊಂಟದ ಕೆಳಗಿನ ಮೈಯನ್ನು ಬಾಳೆತೋಟದಲ್ಲಿ ಬಿಟ್ಟು ಹಾರಿಹೋಗಿದ್ದಾಳೆ. ಊರವರು ಉಪ್ಪಿನ ಚೀಲ ಹೊತ್ತು ತೋಟಕ್ಕೆ ಹೊರಟಿದ್ದಾರೆ. ಆ ಮೈಗೆ ಉಪ್ಪು ಬಿದ್ದರೆ ಅವಳು ಮತ್ತೆಂದೂ ಕೂಡಿಕೊಳ್ಳಲಾರಳು. ಇಂಥ ಕಡೆ ಬಿಟ್ಟು ಯಾರಿಗಾದರೂ ನೆಮ್ಮದಿ ಇರುತ್ತದೆಯೇ?

ಜಿಂಕಿ ನಾಣ್ಯವನ್ನು ಲೋಲಾ ಕೈಗೆ ಕೊಟ್ಟು, ಪುಸ್ತಕ ತೆಗೆದುಕೊಂಡು, ಬೆಂಚಿನ ಆ ತುದಿಯಲ್ಲಿ ಕೂತಳು. ರೊವೆನಾ ಈ ತುದಿಯಲ್ಲಿ. ನಡುವೆ ತಟ್ಟೆ.

ಒಂದು ಪುಟ, ಎರಡು ಪುಟ. ಜಿಂಕಿಯ ತುಟಿ ನಡುಗಿತು. ಡಮಿಯನ್ ಬಾಳೆಗಿಡಗಳ ನಡುವೆ ಅಡ್ಡ ನಿಂತ ಕಡೆಗೆ ಬಂದಿರಬೇಕು. ಅವಳ ಕೈ ತಾನಾಗಿಯೇ ಪಕ್ಕಕ್ಕೆ ಬಂತು. ಕಣ್ಣು ಪುಸ್ತಕದಲ್ಲೇ ಇತ್ತು. ಬೆರಳುಗಳು ಬಾಳೆಎಲೆ ಬಿಚ್ಚಿ ಸುಮಾನ್ ಬಾಯಿಗಿಟ್ಟವು.

ಸುಮ್ಮನಿದ್ದರೆ ಒಳ್ಳೆಯದಿತ್ತೇನೋ. ಆದರೂ ರೊವೆನಾ ಅವಳ ಕಡೆ ತಿರುಗಿದಳು.

“ಜಿಂಕಿ, ನಮ್ಮ ಲೋಲಾ ಕಾಪಿಸ್‌ನವರೇ,” ಎಂದಳು. “ಇಲೋಯ್ಲೊ ಅಂದಿದ್ದು ಸುಳ್ಳು.”

ಜಿಂಕಿಯ ದವಡೆ ನಿಂತಿತು. ಕೈಯಲ್ಲಿದ್ದ ಸುಮಾನ್ ನೋಡಿದಳು. ಪುಸ್ತಕ ನೋಡಿದಳು. ಕಣ್ಣಲ್ಲಿ ಆಗಲೇ ನೀರಿತ್ತು. ಅದು ಎಸ್ಟ್ರೆಲ್ಯಾಳಿಗೆ ಬಂದದ್ದು. ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದಳು.

“ನಾನೂ ಸುಳ್ಳೇ ಹೇಳಿದ್ದು,” ಎಂದಳು. “ಎಲ್ಲರೂ ನನ್ನನ್ನೂ ಸೇರಿಸ್ಕೊಂಡು ಬೈತಾರೇನೋ ಅಂತ ಹೆದರಿಕೆ ಆಯ್ತು.”

ಜಿಂಕಿ ತಟ್ಟೆಯನ್ನು ಆಚೆ ಸರಿಸಿ ಹತ್ತಿರ ಬಂದಳು. ಮೂಗಿಗೆ ಮೂಗು ತಾಗುವಷ್ಟು ಬಗ್ಗಿ ರೊವೆನಾಳ ಕಣ್ಣೊಳಗೆ ಇಣುಕಿದಳು. ಈ ಸಲ ಬೇರೆ ಯಾರ ಕಡೆಗೂ ನೋಡಲಿಲ್ಲ.

“ಏನು ಕಾಣ್ತಿದೆ?” ಎಂದು ರೊವೆನಾ ಕೇಳಿದಳು. ಅವಳು ಕಣ್ಣು ಪಿಳಿಪಿಳಿ ಮಾಡಲಿಲ್ಲ.

“ನನ್ನ ಗಲ್ಲಕ್ಕೆ ಅನ್ನ ಅಂಟಿದೆ,” ಎಂದು ಜಿಂಕಿ ಒರೆಸಿಕೊಂಡಳು.

ಆಮೇಲೆ ಪುಸ್ತಕವನ್ನು ಇಬ್ಬರ ಮಡಿಲ ಮೇಲೂ ಬರುವಂತೆ ಹರಡಿ, ಎಸ್ಟ್ರೆಲ್ಯಾ ಬೆಳಕು ಹರಿಯುವ ಮೊದಲು ಬಂದು ತನ್ನ ಮೈಗೆ ಕೂಡಿಕೊಳ್ಳುತ್ತಾಳಾ ಇಲ್ಲವಾ, ಅಷ್ಟು ಹೇಳೇ ಅಂತ ಗೋಗರೆದಳು. ರೊವೆನಾಳಿಗೆ ಕೊನೆ ಗೊತ್ತಿತ್ತು. ಆದರೂ ಹೇಳಲಿಲ್ಲ. ಜಿಂಕಿ ಓದುವುದು ಬಲು ನಿಧಾನ. ಅವಳು ಪುಟದ ಕೊನೆ ಮುಟ್ಟುವವರೆಗೂ ಕಾದು, ಆಮೇಲೆ ರೊವೆನಾ ಪುಟ ತಿರುವಿದಳು.