ಒಂಬತ್ತನೇ ಶೆಡ್ಡಿನ ಅಕಸ್ಮಾತ್

ನಾನು ಹುಟ್ಟಿ ಎಪ್ಪತ್ತಾರು ವರ್ಷವಾಯಿತು. ಈವರೆಗೆ ಒಂದೇ ಒಂದು ಸುಳ್ಳು ಹೇಳಿಲ್ಲ!

ಹಾಗಾಗಿ ಇದನ್ನು ಕಣ್ಣು ಮುಚ್ಚಿಕೊಂಡು ನಂಬಿ. ಆ ಬೆಳಗ್ಗೆ ಮಾರುಕಟ್ಟೆಯ ಒಂಬತ್ತನೇ ಶೆಡ್ಡಿನ ಬಾಗಿಲು ಸರಿದಾಗ ಹೊರಗೆ ನುಗ್ಗಿದ ನಾತಕ್ಕೆ ಹದಿನೇಳು ಕಾಗೆಗಳು ಹಾರುತ್ತಲೇ ಮೂರ್ಛೆ ಹೋಗಿ ದಬದಬನೆ ಬಿದ್ದವು. ಸೂರ್ಯ ಒಂದು ಮೋಡವನ್ನು ಎಳೆದುಕೊಂಡು ಮೂಗು ಮುಚ್ಚಿಕೊಂಡ. ಕೊಳೆತ ಆಲೂಗಡ್ಡೆಯ ನಾತ ಅದು. ಗೊತ್ತಿಲ್ಲದವರೇ ಪುಣ್ಯವಂತರು.

ಆ ಬಾಗಿಲಲ್ಲಿ ಅವಳು ನಿಂತಿದ್ದಳು. ಮೂವತ್ತೆರಡರ ವಿಧವೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಕೈಯಲ್ಲಿ ಅತ್ತೆ ಬರೆದುಕೊಟ್ಟ ಚೀಟಿ. ಅದರಲ್ಲಿದ್ದದ್ದು 'ಶೆಡ್ಡು' ಎಂಬ ಪದ, ಅದರ ಮುಂದೆ ಕನ್ನಡದ ಒಂದು ಅಂಕಿ, ಅಷ್ಟೇ.

ಆ ಅತ್ತೆಯ ಬಗ್ಗೆ ಹೇಳಲೇಬೇಕು. ಅಂಥ ಚೆಲುವೆ, ಅಂಥ ಜಾಣೆ ಏಳು ಸಮುದ್ರದಾಚೆ ಹುಡುಕಿದರೂ ಸಿಗುವುದಿಲ್ಲ. ಸೊಸೆಯ ಬಾಳು ಎಲ್ಲಿ ಚಿಗುರುತ್ತದೆಂದು ಹಿಂದಿನ ದಿನವೇ ಯೋಚಿಸಿ, ಬೇಕೆಂದೇ ಒಂಬತ್ತನೇ ಶೆಡ್ಡಿಗೆ ಕಳಿಸಿದ್ದಳು. ಎಂಥ ದೂರದೃಷ್ಟಿ!

ಒಳಗೆ ಉದ್ದನೆಯ ರಬ್ಬರ್ ಬೆಲ್ಟಿನ ಮೇಲೆ ಆಲೂಗಡ್ಡೆ ಉರುಳಿಕೊಂಡು ಬರುತ್ತಿತ್ತು. ಎರಡೂ ಕಡೆ ಹೆಂಗಸರು. ಒಳ್ಳೆಯದು ಚೀಲಕ್ಕೆ, ಕೆಟ್ಟದ್ದು ನೀಲಿ ಟಬ್ಬಿಗೆ.

"ಹೊಸಬಳೇನೇ? ಕೈಗವಸು ಹಾಕ್ಕೊಳ್ಳೇ ಮಾರಾಯ್ತಿ!" ಎಂದು ಎಲ್ಲರಿಗಿಂತ ಹಳಬಳಾದ ದೊಡ್ಡಕ್ಕ ಕೂಗುವಷ್ಟರಲ್ಲಿ ಅವಳು ಒಂದನ್ನು ಎತ್ತಿಕೊಂಡಾಗಿತ್ತು.

ಹೊರಗೆ ನೋಡಲು ಚಂದದ ಆಲೂಗಡ್ಡೆ. ಹೆಬ್ಬೆರಳು ಸರಕ್ಕನೆ ಒಳಗಿಳಿಯಿತು. ಬೂದುಬಣ್ಣದ ಲೋಳೆ ಮಣಿಕಟ್ಟಿನವರೆಗೆ ಹರಿಯಿತು... ಅದರಲ್ಲಿ ಏನೋ ಬಿಳಿಯದು ಮಿಸುಕಿತು...

ಛೀ! ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ಬಂದದ್ದು ಎದುರಿಗಿದ್ದ ಒಂದು ಜೊತೆ ಬೂಟುಗಳ ಮೇಲೆ ಬಿತ್ತು.

ಅವಳು ಮೆಲ್ಲಗೆ ತಲೆ ಎತ್ತಿದಳು. ಎತ್ತರದ ಮನುಷ್ಯ. ಶೆಡ್ಡಿನ ಮೇಸ್ತ್ರಿ. ಬೂಟನ್ನು ನೋಡಿದ, ಅವಳನ್ನು ನೋಡಿದ.

"ತಿಂಡಿ ತಿಂದೇ ಬಂದಿದ್ದೀರಿ. ಒಳ್ಳೇದಾಯ್ತು. ಖಾಲಿ ಹೊಟ್ಟೇಲಿ ಬಂದವರು ಬಿದ್ದೇ ಬಿಡ್ತಾರೆ."

"ಕ್ಷಮಿಸಿ... ನಿಮಗೆ... ಅಸಹ್ಯ ಆಗಲ್ವಾ?"

"ವಾಸನೆ ಬಂದ್ರೆ ತಾನೇ ಅಸಹ್ಯ!"

"ಜ್ವರ ಬಂದು ಹೋಗ್ತಾ ಇವರ ಮೂಗನ್ನೂ ಕರ್ಕೊಂಡು ಹೋಯ್ತು ಕಣೇ," ದೊಡ್ಡಕ್ಕ ನಕ್ಕಳು. "ಮೂಗಿಲ್ಲದ ಮೇಸ್ತ್ರಿ ಅಂತಲೇ ಹೆಸರು. ಗುಲಾಬಿನೂ ಒಂದೇ, ಗಟಾರನೂ ಒಂದೇ."

ಮೇಸ್ತ್ರಿ ಚೀಟಿಯತ್ತ ಕೈ ಮಾಡಿದ. "ಯಾರು ಕಳಿಸಿದ್ದು?"

"ನಮ್ಮತ್ತೆ. ಇಲ್ಲಿ ಕೆಲಸ ಖಾಲಿ ಇದೆ ಅಂದ್ರು."

"ನಾನು ಯಾರಿಗೂ ಹೇಳೇ ಇಲ್ವಲ್ಲ..." ಅವನ ಹುಬ್ಬು ಗಂಟಾಯಿತು. "ಒಬ್ಬಾಕೆ ಕೆಲಸ ಬಿಟ್ಟಿದ್ದೇ ಇವತ್ತು ಬೆಳಗ್ಗೆ. ಅಕಸ್ಮಾತ್ ಸರಿಯಾದ ಹೊತ್ತಿಗೆ ಬಂದಿದ್ದೀರಿ, ಬಿಡಿ."

ಅಕಸ್ಮಾತ್! ಬೂಟು ಒರೆಸುತ್ತಿದ್ದ ಅವನನ್ನು ನೋಡುತ್ತಾ ಅವಳಿಗೆ ನಾಚಿಕೆ, ಹೇಸಿಗೆ, ನಗು... ಮೂರೂ ಒಟ್ಟಿಗೆ ಬಂದವು.

*

ಮನೆಗೆ ಹೋದರೂ ಹೇಸಿಗೆ ತಪ್ಪುತ್ತಿರಲಿಲ್ಲ.

ಅತ್ತೆಗೆ ಮುತ್ತಿನಂಥ ಹಲ್ಲುಗಳು. ಕಳಚಿ ಲೋಟದಲ್ಲಿ ಹಾಕುವಂಥವು, ಅಷ್ಟೇ. ದಿನಾ ಬೆಳಗ್ಗೆ ಆ ಲೋಟದ ತಳದಲ್ಲಿ ಹಳದಿ ಪಾಚಿ, ತೇಲುವ ಅನ್ನದ ಅಗುಳು. ಅವಳು ಉಸಿರು ಬಿಗಿಹಿಡಿದು, ವಾಕರಿಸುತ್ತಾ ತೊಳೆಯುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

"ಗಂಡನೇ ಇಲ್ಲ, ಇನ್ನು ಅತ್ತೆ ಯಾವ ಸಂಬಂಧವೇ?" ತವರಿನಿಂದ ಅಮ್ಮನ ಫೋನು. "ಬಂದ್ಬಿಡು ಇಲ್ಲಿಗೆ."

"ನೋಡೋಣಮ್ಮ," ಎಂದು ಫೋನಿಟ್ಟು ಮತ್ತೆ ಲೋಟಕ್ಕೆ ಕೈ ಹಾಕುತ್ತಿದ್ದಳು.

ಶೆಡ್ಡಿನಲ್ಲಿ ಮಾತ್ರ ಒಂದು ಹೊಸ ಏರ್ಪಾಡಾಯಿತು. ಒಳಗೇ ಕೊಳೆತ ಆಲೂಗಡ್ಡೆಯನ್ನು ಕಣ್ಣು ಹಿಡಿಯುವುದಿಲ್ಲ, ಮೂಗು ಹಿಡಿಯುತ್ತದೆ.

"ನಿಮ್ಮಷ್ಟು ಚುರುಕಾದ ಮೂಗು ಈ ಶೆಡ್ಡಲ್ಲಿ ಯಾರಿಗೂ ಇಲ್ಲ," ಎಂದ ಮೇಸ್ತ್ರಿ. "ನನಗೆ ಒಂದು ಸಾಲ ಕೊಡ್ತೀರಾ?"

"ಬೂಟು ಹಾಳು ಮಾಡಿದ ತಪ್ಪಿಗೆ ಪೂರ್ತಿ ಮೂಗನ್ನೇ ಇಟ್ಕೊಳ್ಳಿ!"

ಅವನು ಚೀಲದ ಬಾಯಿ ಬಿಚ್ಚುವುದು, ಅವಳು ಮೂಸುವುದು. "ಮೂರನೇದು... ಥೂ, ಅದೇ!" ಅವನು ಕೈ ಹಾಕಿ, ಮುಖ ಸಿಂಡರಿಸದೆ ಆ ಗಲೀಜನ್ನು ತೆಗೆಯುವುದು. ಆ ಗಬ್ಬುನಾತದ ನಡುವೆ ಅವಳಿಗೆ ಬೆಳಗಾಗುವುದನ್ನೇ ಕಾಯುವ ಹುಚ್ಚು ಹಿಡಿಯಿತು. 'ಏನಾಗಿದೆ ನನಗೆ? ಕೊಳೆತ ಆಲೂಗಡ್ಡೆ ನೋಡೋಕೆ ಯಾರಾದ್ರೂ ಓಡೋಡಿ ಬರ್ತಾರಾ?'

*

ಭಾನುವಾರದ ಆರಾಧನೆಯಲ್ಲಿ ಪಾಸ್ಟರ್ ಸತ್ಯವೇದ ತೆರೆದು ಪರದೇಶದ ಸೊಸೆಯೊಬ್ಬಳ ಕಥೆ ಹೇಳಿದರು. ಗಂಡ ಸತ್ತರೂ ಅತ್ತೆಯ ಕೈ ಬಿಡದೆ ಬಂದವಳು, ಯಾರದೋ ಹೊಲದಲ್ಲಿ ಕೊಯ್ಲಿನ ಮೇಲೆ ಉಳಿದುಬಿದ್ದ ತೆನೆ ಹೆಕ್ಕಲು, ಹಕ್ಕಲಾಯಲು, ಹೋದವಳು.

"ಅವಳು ಆ ಹೊಲಕ್ಕೆ ಹೋಗಿದ್ದು ಅಕಸ್ಮಾತ್ ಅಂತ ಕಾಣುತ್ತೆ," ಎಂದರು ಪಾಸ್ಟರ್. "ಆ ಕಥೆಯಲ್ಲಿ ದೇವರು ಗುಡುಗಿ ಮಾತಾಡೋದಿಲ್ಲ. ಅಂಥ ಒಂದು ಅಕಸ್ಮಾತ್‌ನ ಹಿಂದೆ ಸುಮ್ಮನೆ ನಿಂತಿರ್ತಾನೆ. ಹೊಲದ ಯಜಮಾನ ಆಳುಗಳಿಗೆ ಹೇಳ್ತಾನೆ, ಅವಳಿಗೆ ಸಿಗೋ ಹಾಗೆ ತೆನೆ ಬೇಕಂತಲೇ ಉದುರಿಸಿ ಅಂತ. ಅಂಥ ಸೊಸೆ ನಮ್ಮ ಸಭೆಯಲ್ಲೂ ಇದ್ದಾಳೆ!"

ಎಲ್ಲರ ಕಣ್ಣೂ ಅವಳತ್ತ. ಒದ್ದೆ ಕಣ್ಣು, ಮೆಚ್ಚುಗೆಯ ಕಣ್ಣು. ಪಕ್ಕದ ಹೆಂಗಸು ಅವಳ ಕೈ ಸವರಿ, ಆಮೇಲೆ ಬೆರಳು ಮೂಸಿ ಸೆರಗಿಗೆ ಒರೆಸಿಕೊಂಡಳು.

ಅವಳ ಮೈಯೆಲ್ಲ ಮುಳ್ಳೆದ್ದಿತು. 'ನಾನು ಆ ಪುಣ್ಯವತಿ ಅಲ್ಲ. ನನಗೆ ಅತ್ತೆ ಗೊರಕೆ ಕೇಳಿದ್ರೆ ಅಸಹ್ಯ. ಲೋಟ ನೋಡಿದ್ರೆ ಅಸಹ್ಯ. ಇದಕ್ಕೆ ನಿಷ್ಠೆ ಅಂತ ಹೆಸರಿಟ್ಟು ಕುಣೀತಾರಲ್ಲ, ಥೂ!'

*

ಶೆಡ್ಡಿನಲ್ಲೂ ಹಕ್ಕಲಿತ್ತು. ಕೆಲಸ ಮುಗಿದ ಮೇಲೆ ಹೆಂಗಸರು ಕೊಳೆತ ರಾಶಿಯ ಸುತ್ತ ಕುಳಿತು, ಕೆಟ್ಟ ಭಾಗ ಕೊಯ್ದು ಎಸೆದು, ಉಳಿದ ತುಂಡನ್ನು ಮನೆಗೆ ಒಯ್ಯಬಹುದಿತ್ತು. ಪ್ರತಿಯೊಬ್ಬರಿಗೂ ಒಂದೊಂದು ಮೂಲೆ.

ಆ ಭಾನುವಾರದ ಮರುದಿನ ಅವಳ ಮೂಲೆಯಲ್ಲಿ ಆರು ಆಲೂಗಡ್ಡೆ ಸಿಕ್ಕವು. ಗಟ್ಟಿಯಾದವು. ಒಂದು ಕಲೆಯೂ ಇಲ್ಲದವು. ಮಂಗಳವಾರ ಎಂಟು. ಹೀಗೇ ಮೂರು ವಾರ.

"ಎಲ್ಲರ ಮೂಲೆಯಲ್ಲಿ ಹುಳ, ಇವಳ ಮೂಲೆಯಲ್ಲಿ ಮಾತ್ರ ಬಂಗಾರ!" ದೊಡ್ಡಕ್ಕ ಕಣ್ಣು ಹೊಡೆದಳು. "ಮೇಸ್ತ್ರಿ ಮಧ್ಯಾಹ್ನ ಈ ಕಡೆ ಸುಳಿದಿದ್ದನ್ನ ನಾನೇ ನೋಡಿದೆ ಕಣೇ. ಸುಮ್ ಸುಮ್ಮನೆ ಯಾವ ಗಂಡಸು ಏನು ಕೊಡ್ತಾನೆ, ಹೇಳು?"

ಎಲ್ಲರೂ ಗೊಳ್ಳೆಂದರು. ಅವಳು ನಗಲಿಲ್ಲ.

ಗಂಡ ಸತ್ತ ತಿಂಗಳಲ್ಲಿ ಅವನ ಗೆಳೆಯನೊಬ್ಬ ಹಣ್ಣಿನ ಬುಟ್ಟಿ ತಂದಿದ್ದ. ಸಮಾಧಾನ ಹೇಳುತ್ತಾ ಹೇಳುತ್ತಾ ಬೆವರಿದ ಅಂಗೈಯಲ್ಲಿ ಅವಳ ಮಣಿಕಟ್ಟು ಹಿಡಿದಿದ್ದ. ಬಿಡಲೇ ಇಲ್ಲ. ಆ ಜಿಗುಟು ಇವತ್ತಿಗೂ ಚರ್ಮದ ಮೇಲಿತ್ತು. ಇವನೂ ಅಂಥವನೇ? ಇಷ್ಟು ದಿನ ಇವನಿಗಾಗಿಯೇ ಬೆಳಗು ಕಾದದ್ದು... ಥೂ, ನನ್ನ ಜನ್ಮಕ್ಕೆ!

ಅವಳು ಚೀಲವನ್ನು ಎಳೆದುಕೊಂಡು ಹೋಗಿ ಅವನ ಕಾಲ ಬಳಿ ಸುರಿದಳು.

"ಇದನ್ನ ಇಟ್ಟಿದ್ದು ನೀವೇನಾ?"

ಅವನ ಕಿವಿ ಕೆಂಪಾಯಿತು. "ಹೌದು."

"ಯಾಕೆ?"

"ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ವಾ? ನಾನು ಹೇಳ್ತೀನಿ ಕೇಳಿ! ಗಂಡ ಇಲ್ಲದವಳು, ಆಲೂಗಡ್ಡೆ ಎಸೆದ್ರೆ ಹಿಂದೆ ಬರ್ತಾಳೆ ಅಂದ್ಕೊಂಡ್ರಾ? ಆ ಟಬ್ಬಲ್ಲಿರೋದಕ್ಕೂ ಇಷ್ಟು ನಾತ ಇಲ್ಲ, ಮೇಸ್ತ್ರಿ!"

ಅವನು ಬಗ್ಗಿ ಒಂದು ಆಲೂಗಡ್ಡೆ ಎತ್ತಿ ಚೀಲಕ್ಕೆ ಹಾಕಿದ. "ಮಾತು ಕೊಟ್ಟಿದ್ದೀನಿ," ಎಂದಷ್ಟೇ ಹೇಳಿದ.

ಅವಳು ಅವನ ಬೂಟಿನ ಮೇಲೆ ಉಗಿದಳು. "ನಾಳೆಯಿಂದ ಬರಲ್ಲ."

ಮನೆಗೆ ಬಂದವಳು ಬಟ್ಟೆ ಸೋಪಿನಲ್ಲಿ ಕೈ ಉಜ್ಜಿಯೇ ಉಜ್ಜಿದಳು. ಚರ್ಮ ಕೆಂಪಾದರೂ ನಿಲ್ಲಿಸಲಿಲ್ಲ. "ಅಮ್ಮನ ಮನೆಗೆ ಹೋಗ್ತೀನಿ, ಅತ್ತೆ. ಸಾಕಾಯ್ತು. ಈ ಊರಿನ ಮನುಷ್ಯರ ಒಳಗೆಲ್ಲ ಕೊಳೆತಿದೆ."

ಆಗ... ಆಗ ಸೂರು ಸೀಳಿಕೊಂಡು ಆರು ರೆಕ್ಕೆಗಳ ದೇವದೂತನೊಬ್ಬ ಅಡುಗೆಮನೆಗೆ ಇಳಿದು, ಕಂಚಿನ ದನಿಯಲ್ಲಿ, "ಎಲೈ ಸೊಸೆಯೇ, ಮೇಸ್ತ್ರಿ ನಿರಪರಾಧಿ..." ಎಂದು...

"ಅತ್ತೆ! ಯಾವ ದೇವದೂತ?"

ಅಯ್ಯೋ... ನನ್ನ ಬೆನ್ನ ಹಿಂದೆ ನಿಂತು, ಕೈ ಒರೆಸಿಕೊಳ್ಳುತ್ತಾ ಫೋನಿನಲ್ಲಿ ಬರೆದದ್ದನ್ನೆಲ್ಲ ಓದಿಬಿಟ್ಟಿದ್ದಾಳೆ!

"ಕಥೆ ಅಂದ್ಮೇಲೆ ಸ್ವಲ್ಪ..."

"ಸ್ವಲ್ಪಾನಾ? ಅಷ್ಟು ಚೆಲುವೆ, ಅಷ್ಟು ಜಾಣೆ, ಏಳು ಸಮುದ್ರ! ದೇವದೂತನ ಬಾಯಲ್ಲಿ ಹಲ್ಲಿತ್ತಾ ಅತ್ತೆ? ನಡೆದಿದ್ದನ್ನ ಬರೀರಿ."

ಸರಿ. ಆ ಅತ್ತೆ ನಾನೇ. ನಡೆದದ್ದು ಹೀಗೆ.

ಹಲ್ಲು ಲೋಟದಲ್ಲಿತ್ತು. ನಾನು ಬೊಚ್ಚುಬಾಯಲ್ಲಿ ಗಳಗಳ ಅತ್ತು ಏನೋ ಹೇಳಿದೆ. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಆ ಅಸಹ್ಯದ ಲೋಟದೊಳಗೆ ತಾನೇ ಬೆರಳು ಹಾಕಿ, ಸೆಟ್ಟು ತೆಗೆದು, ತೊಳೆದು ನನ್ನ ಕೈಗಿಟ್ಟಳು. "ಹಾಕ್ಕೊಂಡು ಹೇಳಿ."

"ನಾನೇ ಕಣೇ ಹೋಗಿದ್ದು ಶೆಡ್ಡಿಗೆ, ಪಾಸ್ಟರ್ ಪ್ರಸಂಗ ಕೇಳಿದ ಮರುದಿನ. ನೀನು ಬೆಲ್ಟಿನ ಹತ್ತಿರ ಇದ್ದೆ. ಆ ಹೊಲದ ಯಜಮಾನ ಮಾಡಿದ ಹಾಗೆ ನೀನೂ ಮಾಡಪ್ಪ, ಕೊಳೆತದ್ದು ತಿಂದು ತಿಂದು ಹುಡುಗಿ ಸೊರಗಿದ್ದಾಳೆ ಅಂದೆ. ನಿನಗೆ ಗೊತ್ತಾದ್ರೆ ಮುಟ್ಟಲ್ಲ ಅಂತ ಬಾಯಿ ಬಿಡಬಾರದು ಅಂತ ಮಾತು ತಗೊಂಡೆ. ಶೆಡ್ಡಿನ ಮಾಲು ಮುಟ್ಟಲ್ಲ, ನನ್ನ ಪಾಲಿಗೆ ಬರೋದನ್ನ ಇಡ್ತೀನಿ ಅಂದ ಅವನು."

ಅವಳು ಉಜ್ಜಿ ಕೆಂಪಾದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. "ಅಷ್ಟೆಲ್ಲ ಅಂದೆನಲ್ಲ ಅತ್ತೆ... ಉಗಿದೆನಲ್ಲ..."

*

ಮರುದಿನ ಬೆಳಗ್ಗೆ ಅವಳು ಶೆಡ್ಡಿಗೆ ಹೋದಳು. ಅವನು ಒಂದು ಚೀಲದ ಮುಂದೆ ಒಬ್ಬನೇ ಕುಳಿತಿದ್ದ. ಮೊಣಕೈವರೆಗೆ ಲೋಳೆ.

"ಬರಲ್ಲ ಅಂದಿದ್ರಿ."

"ಅದು ನಿನ್ನೆ." ಅವಳು ಚೀಲ ಮೂಸಿದಳು. "ಇದರಲ್ಲಿ ಇನ್ನೂ ಎರಡು ಕೊಳೆತಿವೆ. ಕೆಳಗೆ."

ಅವನು ತೆಗೆದ. ಸರಿಯಾಗಿ ಎರಡು.

"ಅತ್ತೆ ಎಲ್ಲಾ ಹೇಳಿದ್ರು," ಅವಳು ಕಣ್ಣೊರೆಸಿಕೊಂಡಳು. "ಉಗಿದಾಗಲೂ ಬಾಯಿ ಬಿಡಲಿಲ್ವಲ್ಲ ನೀವು!"

"ಮಾತು ಕೊಟ್ಟಿದ್ದೆ. ಅಲ್ಲದೆ ಈ ಬೂಟು ಮೊದಲನೇ ದಿನವೇ ಅದಕ್ಕಿಂತ ಜಾಸ್ತಿ ಕಂಡಿತ್ತು."

ಅವಳು ಅಳುತ್ತಲೇ ನಕ್ಕುಬಿಟ್ಟಳು.

"ಒಂದು ವಿಷಯ ಅವರಿಗೂ ಗೊತ್ತಿಲ್ಲ," ಅವನು ಚೀಲವನ್ನೇ ನೋಡುತ್ತಾ ಹೇಳಿದ. "ಅವರು ಕೇಳಿದ್ದು ಎರಡು ವಾರಕ್ಕೆ. ಮೂರನೇ ವಾರದ್ದು... ನಾನೇ ಇಟ್ಟಿದ್ದು."

"ಬಲೆ ಬೀಸಿದ್ರಾ?"

"ಬಲೆ ಅಲ್ಲ. ಆಸೆ."

ಬೆಲ್ಟು ಗಡಗಡ ಎನ್ನುತ್ತಿತ್ತು. ನಾತ ಹಾಗೇ ಇತ್ತು. ಅವಳು ಕೈಗವಸು ಕಳಚಿ ಅವನ ಗಲೀಜು ಕೈ ಹಿಡಿದಳು. ಜಿಗುಟಿತ್ತು... ಆದರೆ ಬಿಡಿಸಿಕೊಳ್ಳಬೇಕು ಅನ್ನಿಸಲಿಲ್ಲ.

"ನಾನು ಒಬ್ಬಳೇ ಬರಲ್ಲ. ಅತ್ತೆನೂ ಬರ್ತಾರೆ. ಗೊರಕೆ, ಬಡಾಯಿ, ಹಲ್ಲಿನ ಲೋಟ... ಎಲ್ಲದರ ಸಮೇತ."

"ಗೊರಕೆಗೆ, ಬಡಾಯಿಗೆ ನನ್ನ ಹತ್ತಿರ ಮದ್ದಿಲ್ಲ," ಎಂದ ಮೇಸ್ತ್ರಿ. "ಆ ಲೋಟ ಮಾತ್ರ ನನಗೆ ಬಿಡಿ. ದಿನಾ ನಾನೇ ತೊಳೀತೀನಿ. ನನಗೆ ವಾಸನೆ ಬರಲ್ವಲ್ಲ!"

*

ನೋಡಿದಿರಾ? ಇದೆಲ್ಲ ಆದದ್ದು ಯಾರ ದೂರದೃಷ್ಟಿಯಿಂದ? ಬೇಕೆಂದೇ 'ಒಂಬತ್ತು' ಎಂದು ಬರೆದ ಈ ಕೈಯಿಂದ...

"ಅತ್ತೆ." ಅವಳಿನ್ನೂ ಹೋಗಿರಲಿಲ್ಲ! ತನ್ನ ಸತ್ಯವೇದದ ನಡುವಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟಳು. "ಇದೇನು, ಓದಿ."

"ಒಂಬತ್ತು."

"ಕನ್ನಡಕ ಹಾಕ್ಕೊಂಡು ಓದಿ."

ಹಾಕಿಕೊಂಡೆ. ನನ್ನದೇ ಅಕ್ಷರ. ನನ್ನ ಹಳೆಯ ಸತ್ಯವೇದದಲ್ಲಿ ವಚನಗಳ ಸಂಖ್ಯೆಯೆಲ್ಲ ಕನ್ನಡ ಅಂಕಿಯಲ್ಲಿದೆ. ನಾನೂ ಹಾಗೇ ಬರೆಯುವವಳು. ೬ಕ್ಕೂ ೯ಕ್ಕೂ ಬಾಲ ಯಾವ ಕಡೆ ತಿರುಗಿದೆ ಅನ್ನುವುದಷ್ಟೇ ವ್ಯತ್ಯಾಸ. ನಡುಗುವ ಕೈ ಬರೆದದ್ದನ್ನು ಅವಸರದ ಕಣ್ಣು ಓದಿದೆ.

"...ಆರು."

"ಆರನೇ ಶೆಡ್ಡಲ್ಲಿ ಏನಿದೆ ಅತ್ತೆ?"

"ಹೂವು ಕಟ್ಟೋ ಕೆಲಸ," ನನ್ನ ದನಿ ನನಗೇ ಕೇಳಿಸಲಿಲ್ಲ. "ನನ್ನ ಗೆಳತಿ ನಿನಗೋಸ್ಕರ ಒಂದು ಜಾಗ ಇಟ್ಕೊಂಡು ಕಾಯ್ತಿದ್ಲು. ಒಂಬತ್ತನೇ ಶೆಡ್ಡು ಅಂತ ಒಂದಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ ಕಣೇ."

ಅವಳು ಬಯ್ಯಲಿಲ್ಲ. ನನ್ನ ಪಕ್ಕ ಕುಳಿತು ತಲೆಗೆ ತಲೆ ತಾಗಿಸಿದಳು. ಆಲೂಗಡ್ಡೆಯ ನಾತ ಬಂತು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ.

ಆದ್ದರಿಂದ ಓದುಗರೇ, ಒಪ್ಪಿಸುತ್ತೇನೆ. ಎರಡು ವಾರದ ಆಲೂಗಡ್ಡೆ ನನ್ನ ಕೆಲಸ. ಮೂರನೆಯ ವಾರದ್ದು ಅವನದು. ಲೋಟಕ್ಕೆ ಕೈ ಹಾಕಿದ್ದು ಅವಳು. ಆದರೆ ಆ ಒಂಬತ್ತು ನಮ್ಮ ಮೂವರದೂ ಅಲ್ಲ. ಪಾಸ್ಟರ್ ಹೇಳಿದ ಅಕಸ್ಮಾತ್ ಅದು. ಅದರ ಹಿಂದೆ ಸುಮ್ಮನೆ ನಿಂತಿದ್ದವನ ಕೆಲಸವನ್ನು ಇಷ್ಟು ದಿನ ನನ್ನದೆಂದು ಹೇಳಿಕೊಂಡು ತಿರುಗಿದೆನಲ್ಲ, ಆ ಶೆಡ್ಡಿನಲ್ಲಿ ಅಷ್ಟು ಹೊಲಸು ಇನ್ನೊಂದಿರಲಿಲ್ಲ.

ಕಾಗೆ ಒಂದೂ ಬೀಳಲಿಲ್ಲ.

ಮತ್ತೆ, ನನ್ನ ವಯಸ್ಸು ಎಪ್ಪತ್ತಾರಲ್ಲ, ಎಪ್ಪತ್ತೊಂಬತ್ತು. ಆ ಒಂದು ಬಾಲ ಮಾತ್ರ ಬೇಕೆಂದೇ ನಾನೇ ತಿರುಗಿಸಿದ್ದು.