ಮುಗಿಯದ ಹಾಡು

ಬಹಳ ಹಿಂದೆ, ಕಡಲಿಗೆ ಇನ್ನೂ ಇಷ್ಟು ಉಪ್ಪು ಸೇರಿರದ ಕಾಲದಲ್ಲಿ, ಶಂಖಪುರವೆಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ಮೇಲೆ ಗವಿಬಾಯನೆಂಬ ಮಾಂತ್ರಿಕನಿದ್ದ. ಅವನಿಗೆ ಹಾಡೇ ಊಟ. ಎದುರಿಗೆ ಹಾಡು ಶುರುವಾದರೆ ಅವನ ಬಾಯಿ ಗುಹೆಯಂತೆ ತೆರೆದುಕೊಳ್ಳುತ್ತಿತ್ತು. ಹಾಡು ಮುಗಿಯುವತನಕ ಮುಚ್ಚಲು ಬರುತ್ತಿರಲಿಲ್ಲ. ಮುಗಿದ ಕೂಡಲೇ ಹಾಡಿದವರನ್ನೂ ಸೇರಿಸಿ ನುಂಗುತ್ತಿದ್ದ. ನುಂಗಿಸಿಕೊಂಡವರು ಸಾಯುತ್ತಿರಲಿಲ್ಲ, ಹೊಟ್ಟೆಯ ಕತ್ತಲಲ್ಲಿ ಕೂತಿರುತ್ತಿದ್ದರು. ಅವರು ಹತ್ತಿ ಬರುವಷ್ಟರಲ್ಲಿ ಹಾಡು ಮುಗಿದು ಬಾಯಿ ಮುಚ್ಚಿರುತ್ತಿತ್ತು.

ಶಂಖಪುರದಲ್ಲಿ ಒಂದು ಕಟ್ಟಳೆಯಿತ್ತು. ಎತ್ತಿಕೊಂಡ ಹಾಡನ್ನು ನಡುವೆ ಬಿಡುವಂತಿಲ್ಲ. ತಪ್ಪಿದರೆ ಮೊದಲಿಂದ ಶುರುಮಾಡಿ ಮುಗಿಸಲೇಬೇಕು. ಹಾಡುಗಾರರು ಯಾರೂ ತಪ್ಪಲಿಲ್ಲ. ಮಾಂತ್ರಿಕನ ರೆಕ್ಕೆಹುಲಿ ಒಬ್ಬೊಬ್ಬರನ್ನೇ ಹೊತ್ತೊಯ್ದಿತು. ಎಲ್ಲರೂ ಚೆನ್ನಾಗಿ ಹಾಡಿ ಹೊಟ್ಟೆ ಸೇರಿದರು.

ಪದುಮಲೆಯೂ ಸೇರಿದಳು.

ಅವಳ ಗಂಡ ನೇಮಣ್ಣ ಹಡಗಿಗೆ ಹಗ್ಗ ಹೊಸೆಯುವವನು. ಅವನಿಗೆ ಐವತ್ತು ದಾಟಿದಾಗ ಅವಳು ಪರದೇಶದ ಹಡಗಿನವರಿಂದ ಒಂದು ಗಿಟಾರು ಕೊಂಡು ತಂದಿದ್ದಳು.

"ಆಯುಷ್ಯವೆಲ್ಲ ಹಗ್ಗ ಹೊಸೆದಿರಿ. ಇನ್ನು ಸಂಜೆ ಹೊತ್ತು ನೀವು ಇದನ್ನು ಮೀಟಿ, ನಾನು ಹಾಡ್ತೀನಿ."

"ಈ ವಯಸ್ಸಲ್ಲಾ?" ಎಂದು ಅವನು ಅದನ್ನು ಗೂಟಕ್ಕೆ ನೇತುಹಾಕಿದ್ದ. ಅವಳು ಹೋದ ಮೇಲೆ ಇಳಿಸಿದ.

ಅವಳನ್ನು ಬಿಡಿಸಿ ತರುವ ಆಸೆ ಅವನಿಗಿರಲಿಲ್ಲ. ಅವಳ ಹಾಡೊಂದನ್ನು ಕಲಿತು, ಬೆಟ್ಟ ಹತ್ತಿ ನುಡಿಸಿ, ತಾನೂ ಆ ಹೊಟ್ಟೆ ಸೇರಿದರೆ ಸಾಕಿತ್ತು. ಕಲಿಸಬಲ್ಲವರೆಲ್ಲ ಒಳಗಿದ್ದರು. ದಪ್ಪ ಬೆರಳು ಒಂದು ತಂತಿ ಒತ್ತಲು ಹೋದರೆ ಎರಡನ್ನು ಅದುಮುತ್ತಿತ್ತು. ಹಾಡು ಕೊನೆಗೆ ಮೇಲೇರುವ ಜಾಗದಲ್ಲಿ ಪ್ರತಿ ಸಲವೂ ಕಿರುಬೆರಳು ಜಾರುತ್ತಿತ್ತು. ಮೊದಲಿಂದ ಶುರು. ಮತ್ತೆ ಅಲ್ಲೇ ಜಾರುವುದು.

"ನೇಮಣ್ಣಾ, ನಿನ್ನ ದಮ್ಮಯ್ಯ, ಹಗ್ಗವನ್ನೇ ಹೊಸಿ," ಎಂದಳು ಪಕ್ಕದ ಮನೆಯ ಚಂದವ್ವ. "ನಮ್ಮ ಎಮ್ಮೆ ಹಾಲು ಕೊಡೋದೇ ಬಿಟ್ಟಿದೆ."

ರೆಕ್ಕೆಹುಲಿ ಅವನ ಮನೆಯ ಮಾಡಿನ ಮೇಲೆ ಹಾರಿಹೋಗುತ್ತಿತ್ತು, ಇಳಿಯುತ್ತಿರಲಿಲ್ಲ. ವರ್ಷಗಳು ಕಳೆದವು. ಕೊನೆಗೆ ಅವನೇ ಬೆಟ್ಟ ಹತ್ತಿದ.

ಮಾಂತ್ರಿಕನ ಬಾಗಿಲಲ್ಲಿ ಮಲಗಿದ್ದ ಹುಲಿ ಒಂದು ಕಣ್ಣು ತೆರೆಯಿತು. "ನೀನಾ! ಕೇಳಿದ್ದೀನಿ ಮಾರಾಯ, ಕೇಳಿದ್ದೀನಿ. ವಾಪಸ್ ಹೋಗು."

"ನುಂಗಿಸಿಕೊಳ್ಳೋಕೆ ಬಂದೆ."

"ಅದಕ್ಕೂ ಯೋಗ್ಯತೆ ಬೇಕಲ್ಲಪ್ಪ," ಎಂದು ಹುಲಿ ಆಕಳಿಸಿ ದಾರಿ ಬಿಟ್ಟಿತು.

ನೇಮಣ್ಣ ಮೀಟಿದ. ಗವಿಬಾಯನ ಬಾಯಿ ತೆರೆಯಿತು. ಕಿರುಬೆರಳು ಜಾರಿತು.

"ತಪ್ಪಾಯ್ತು. ಮೊದಲಿಂದ," ಎಂದ. ಕಣ್ಣು ಮಂಜಾಗಿತ್ತು. ನುಂಗಿಸಿಕೊಳ್ಳಲೂ ಬಾರದ ಕೈ ಇದು ಎಂದುಕೊಂಡ. ತಲೆ ತಗ್ಗಿಸಿ ತಂತಿಯನ್ನೇ ನೋಡುತ್ತಿದ್ದ ಅವನಿಗೆ, ಕೊಳಲಿನ ಮುದುಕನೊಬ್ಬ ಮಾಂತ್ರಿಕನ ಹಲ್ಲು ದಾಟಿ ಹೊರಬಂದದ್ದು ಕಾಣಲಿಲ್ಲ.

ಎರಡನೆಯ ಸಲವೂ ಅಲ್ಲೇ ಜಾರಿತು. "ತಪ್ಪಾಯ್ತು. ಮೊದಲಿಂದ."

"ಮುಗಿಸೋ ಬೇಗ!" ಬಾಯಿ ಮುಚ್ಚಲಾಗದೆ ಗವಿಬಾಯ ಗಂಟಲಿಂದಲೇ ಅರಚಿದ. ಆ ಅರಚಾಟಕ್ಕೆ ನೇಮಣ್ಣ ತಲೆಯೆತ್ತಿದ. ನಾಲಿಗೆಯ ಮೇಲೆ ಜನ ಸಾಲುಗಟ್ಟಿ ಇಳಿಯುತ್ತಿದ್ದರು. ಎಲ್ಲರ ಹಿಂದೆ, ಕುಂಟುವ ಮುದುಕಿಯೊಬ್ಬಳನ್ನು ಮುಂದೆ ನಡೆಸುತ್ತ, ಪದುಮಲೆ ಬರುತ್ತಿದ್ದಳು.

ಅವನು ಮೂರನೆಯ ಸಲ ಶುರುಮಾಡಿದ. ಮೇಲೇರುವ ಜಾಗ ಬಂತು. ಕಿರುಬೆರಳು ಜಾರಲಿಲ್ಲ.

ಇಷ್ಟು ವರ್ಷ ಕಾದಿದ್ದ ಆ ಸ್ವರ ಅವನ ಕೈಯಿಂದಲೇ ಹೊರಟಿತು. ಹಾಡು ತಾನಾಗಿ ಏರಿತು, ಅವಳು ಹಾಡುತ್ತಿದ್ದ ಹಾಗೆಯೇ. ಇನ್ನೊಂದೇ ಸ್ವರ ಬಾಕಿ. ಪದುಮಲೆ ಇನ್ನೂ ನಾಲಿಗೆಯ ನಡುವೆ ಇದ್ದಳು.

ನೇಮಣ್ಣ ಬೆರಳೆತ್ತಿದ. ಬೇರೆ ತಂತಿಯ ಮೇಲೆ ಬೇಕೆಂದೇ ಇಟ್ಟ. ಗಿಟಾರು ಕೆಟ್ಟದಾಗಿ ಕಿರುಗುಟ್ಟಿತು.

"ತಪ್ಪಾಯ್ತು," ಎಂದ.

ಪದುಮಲೆ ಹಲ್ಲು ದಾಟಿ ಕೆಳಗಿಳಿದಳು. "ಈ ಸಲ ಸರಿಯಾಗೇ ಬಂದಿತ್ತಲ್ರೀ, ಯಾಕೆ ಕೆಡಿಸಿದ್ರಿ?"

ನೇಮಣ್ಣ ಕಟ್ಟಳೆ ಮುರಿದು, ಹಾಡನ್ನು ಅಲ್ಲೇ ಬಿಟ್ಟು, ಗಿಟಾರನ್ನು ಹೆಗಲಿಗೇರಿಸಿ ಅವಳ ಕೈ ಹಿಡಿದು ಬೆಟ್ಟ ಇಳಿದ. ಮುಚ್ಚಲಾಗದ ಬಾಯಿ ಹೊತ್ತು ಗವಿಬಾಯ ಅಲ್ಲೇ ಕಲ್ಲಾದ. ಹುಲಿ ಕಾಡಿಗೆ ಹೋಯಿತು. ಶಂಖಪುರದಲ್ಲಿ ಮತ್ತೆ ಹಾಡು ತುಂಬಿತು; ಎಲ್ಲರೂ ಸುಖವಾಗಿ ಬಾಳಿದರು.

ಆ ಒಂದು ಹಾಡು ಮುಗಿದರೆ ಬೆಟ್ಟದ ಬಾಯಿ ಮುಚ್ಚುತ್ತದೆ, ಕಲ್ಲಿಗೆ ಜೀವ ಬರುತ್ತದೆ. ಅದಕ್ಕೇ ನೇಮಣ್ಣ ಪ್ರತಿ ಸಂಜೆ ಮೇಲೇರುವ ಜಾಗದವರೆಗೆ ಮಾತ್ರ ನುಡಿಸುತ್ತಿದ್ದ. ಅಲ್ಲಿ ಪದುಮಲೆ ಹಾಡು ನಿಲ್ಲಿಸಿ, ಅವನ ಕಿರುಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು.